‘ಹಂತಹಂತವಾಗಿ’ ಎಂಬ ಒಂದು ಪದ: ಗುಲಾಮಗಿರಿ ವಿರೋಧಿ ಚಳವಳಿಯಿಂದ ಇಂದಿನ ಹೋರಾಟಗಾರರು ಕಲಿಯುವುದೇನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ನಾನು ಒಂದು ಚಿಕ್ಕ ಸಂಘಟನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಹೋರಾಟ ಯಾವ ವಿಷಯದ್ದು ಎಂಬುದನ್ನು ಬೇಕೆಂದೇ ಇಲ್ಲಿ ಹೇಳುತ್ತಿಲ್ಲ. ಹೇಳಿದರೆ ಚರ್ಚೆಯೆಲ್ಲ ಆ ವಿಷಯದ ಸರಿತಪ್ಪುಗಳತ್ತ ಹೊರಳಿಬಿಡುತ್ತದೆ. ಕಳೆದ ವಾರ ಮನವಿಪತ್ರದ ಕರಡನ್ನು ಅಂತಿಮಗೊಳಿಸಲು 11 ಜನ ಕುಳಿತಿದ್ದೆವು. ಎರಡು ಪುಟಗಳ ಆ ಕರಡಿನಲ್ಲಿ ಒಂದೇ ಒಂದು ಪದದ ಮೇಲೆ ಮೂರು ಗಂಟೆ ವಾದ ನಡೆಯಿತು. ‘ಹಂತಹಂತವಾಗಿ ರದ್ದುಪಡಿಸಬೇಕು’ ಎಂಬಲ್ಲಿ ಮೊದಲ ಪದವನ್ನು ಒಬ್ಬರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು, ಇನ್ನೊಬ್ಬರು ಅದರ ಪಕ್ಕದಲ್ಲೇ ‘ಇರಲಿ’ ಎಂದು ಬರೆದರು, ಮೂರನೆಯವರು ಆ ‘ಇರಲಿ’ಯನ್ನೂ ಹೊಡೆದುಹಾಕಿದರು. ಪೂರ್ತಿ ರದ್ದತಿಯನ್ನೇ ಕೇಳಿದರೆ ಯಾರೂ ಮಾತುಕತೆಗೆ ಕರೆಯುವುದಿಲ್ಲ ಎಂಬುದು ಒಂದು ಗುಂಪಿನ ವಾದ. ಸ್ವಲ್ಪ ಕೇಳಿದರೆ ಅದರಲ್ಲೂ ಸ್ವಲ್ಪವೇ ಸಿಗುತ್ತದೆ ಎಂಬುದು ಇನ್ನೊಂದು ಗುಂಪಿನದು.

ಆ ವಾದದ ನಡುವೆ ಎರಡೂ ಗುಂಪಿನವರು ಬ್ರಿಟನ್ನಿನ ಗುಲಾಮಗಿರಿ ವಿರೋಧಿ ಚಳವಳಿಯನ್ನೇ ತಮ್ಮ ಪರವಾಗಿ ಉದಾಹರಿಸಿದ್ದು ನನಗೆ ಸೋಜಿಗವೆನಿಸಿತು. ಒಂದೇ ಚರಿತ್ರೆ ಎರಡು ವಾದಗಳಿಗೂ ಆಧಾರವಾಗುವುದು ಹೇಗೆ? ಇದರ ಜೊತೆಗೆ ಇನ್ನೊಂದು ಸಂದೇಹವೂ ಇದೆ. ನಮ್ಮ ಅಂತರಜಾಲದ ಮನವಿಗೆ ನಾಲ್ಕು ದಿನಗಳಲ್ಲಿ 12,000 ಸಹಿ ಬಿದ್ದವು; ಸಭೆಗೆ ಕರೆದಾಗ ಬಂದವರು 19 ಜನ. ಆ ಕಾಲದ ಸಹಿ ಸಂಗ್ರಹಕ್ಕೂ ನಮ್ಮದಕ್ಕೂ ಏನು ವ್ಯತ್ಯಾಸ? ಓದಿಕೊಂಡವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಿಮ್ಮ ಕರಡಿನ ಆ ಪದಕ್ಕೆ 230 ವರ್ಷಗಳ ಇತಿಹಾಸವಿದೆ. 1792ರ ಏಪ್ರಿಲ್‌ನಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಗುಲಾಮ ವ್ಯಾಪಾರವನ್ನು ನಿಲ್ಲಿಸಬೇಕೆಂಬ ನಿರ್ಣಯವನ್ನು ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯ ಮುಂದಿಟ್ಟಾಗ, ದೇಶದ ನಾನಾ ಊರುಗಳಿಂದ 519 ಮನವಿಪತ್ರಗಳು ಬಂದು ಬಿದ್ದಿದ್ದವು. ನೇರವಾಗಿ ‘ಬೇಡ’ ಎನ್ನುವುದು ಯಾರಿಗೂ ಸುಲಭವಿರಲಿಲ್ಲ. ಆಗ ಮಂತ್ರಿಯಾಗಿದ್ದ ಹೆನ್ರಿ ಡಂಡಸ್ ಎದ್ದುನಿಂತು, ನಿರ್ಣಯವನ್ನು ವಿರೋಧಿಸುವ ಬದಲು ಅದರೊಳಗೆ ‘ಕ್ರಮೇಣ’ ಎಂಬ ಒಂದು ಪದವನ್ನು ಸೇರಿಸಬೇಕೆಂದು ಸೂಚಿಸಿದರು. ತಿದ್ದುಪಡಿಯಾದ ನಿರ್ಣಯ 85ರ ವಿರುದ್ಧ 230 ಮತಗಳಿಂದ ಗೆದ್ದಿತು, ಗಡುವು 1796 ಎಂದೂ ನಿಗದಿಯಾಯಿತು. ಆದರೆ ಮೇಲ್ಮನೆಯಾದ ಲಾರ್ಡ್ಸ್ ಸಭೆ ಸಾಕ್ಷ್ಯ ಕೇಳಬೇಕೆಂದು ಅದನ್ನು ಎಳೆಯಿತು, ಮರುವರ್ಷ ಫ್ರಾನ್ಸಿನೊಡನೆ ಯುದ್ಧ ಶುರುವಾಯಿತು, ಗಡುವಿನ ವರ್ಷವಾದ 1796ರಲ್ಲಿ ವಿಲ್ಬರ್‌ಫೋರ್ಸ್ ತಂದ ಮಸೂದೆ ಕೇವಲ ನಾಲ್ಕು ಮತಗಳಿಂದ ಬಿದ್ದುಹೋಯಿತು. ಆ ರಾತ್ರಿ ಮಸೂದೆಯ ಬೆಂಬಲಿಗರಲ್ಲಿ ಕೆಲವರು ಹೊಸದೊಂದು ಸಂಗೀತ ನಾಟಕ ನೋಡಲು ಹೋಗಿದ್ದರಂತೆ. ಸಭೆಗೆ ಬಾರದ ಬೆಂಬಲಿಗರ ಸಮಸ್ಯೆ ನಿಮ್ಮೊಬ್ಬರದೇ ಅಲ್ಲ ಎಂದು ಸಮಾಧಾನಪಟ್ಟುಕೊಳ್ಳಿ. ಡಂಡಸ್‌ರ ಉದ್ದೇಶ ಕಾಲಹರಣವೇ ಆಗಿತ್ತೇ, ಅಥವಾ ಅಷ್ಟಾದರೂ ಗೆಲ್ಲಲಿ ಎಂಬ ಲೆಕ್ಕಾಚಾರವೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಪರಿಣಾಮವಂತೂ ಸ್ಪಷ್ಟ: ನಿಷೇಧ ಬಂದದ್ದು 1807ರಲ್ಲಿ, ಅಂದರೆ ಆ ಗೆಲುವಿನ ಹದಿನೈದು ವರ್ಷಗಳ ಮೇಲೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕೆಂಪು ಶಾಯಿಯವರು ಗೆದ್ದಂತಾಗುತ್ತದೆ. ಆದರೆ 1806ರಲ್ಲಿ ನಡೆದದ್ದನ್ನೂ ನೋಡಬೇಕು. ವಿಲ್ಬರ್‌ಫೋರ್ಸರ ಭಾವನೂ ಕಡಲ ಕಾನೂನಿನಲ್ಲಿ ನುರಿತ ವಕೀಲರೂ ಆಗಿದ್ದ ಜೇಮ್ಸ್ ಸ್ಟೀಫನ್ ಒಂದು ಉಪಾಯ ಹುಡುಕಿದರು. ಶತ್ರು ದೇಶಗಳ ವಸಾಹತುಗಳಿಗೆ ಬ್ರಿಟಿಷ್ ವರ್ತಕರು ಗುಲಾಮರನ್ನು ಸಾಗಿಸಿದರೆ ಶತ್ರುವಿನ ತೋಟಗಳಿಗೇ ಆಳು ಒದಗಿಸಿದಂತಾಗುತ್ತದೆ, ಆದ್ದರಿಂದ ಅದನ್ನು ತಡೆಯಬೇಕು ಎಂಬ ಮಸೂದೆಯನ್ನು ಯುದ್ಧಕಾಲದ ಕ್ರಮವಾಗಿ ಸರ್ಕಾರವೇ ಮಂಡಿಸಿತು. ಮಾನವೀಯತೆಯ ಮಾತು ಅದರಲ್ಲಿ ಇರಲಿಲ್ಲ, ವಿಲ್ಬರ್‌ಫೋರ್ಸ್ ಬಾಯಿ ತೆರೆಯದೆ ಹಿಂದೆಯೇ ಉಳಿದರು. ದೇಶಭಕ್ತಿಯ ಮಾತಿಗೆ ಎದುರು ಹೇಳಲಾಗದ ಗುಲಾಮ ವರ್ತಕರು ಎಚ್ಚೆತ್ತುಕೊಳ್ಳುವ ಹೊತ್ತಿಗೆ ಅವರ ವ್ಯಾಪಾರದ ದೊಡ್ಡ ಪಾಲು ಕಾನೂನುಬಾಹಿರವಾಗಿತ್ತು. ಮರುವರ್ಷ ಪೂರ್ಣ ನಿಷೇಧದ ಮಸೂದೆ 16ರ ವಿರುದ್ಧ 283 ಮತಗಳಿಂದ ಅಂಗೀಕಾರವಾಯಿತು.

ಎರಡೂ ‘ಹಂತ’ಗಳೇ. ಆದರೆ 1792ರ ಹಂತ ಎದುರಾಳಿಗೆ ಕಾಲಾವಕಾಶ ಕೊಟ್ಟಿತು; 1806ರ ಹಂತ ಎದುರಾಳಿಯ ಗಳಿಕೆಯನ್ನೇ ಕತ್ತರಿಸಿ, ಮುಂದಿನ ಮತದಾನದಲ್ಲಿ ಅವನು ಹೋರಾಡಲಾರದಂತೆ ಮಾಡಿತು. ಒಂದು ಗಮನಿಸಿ: 1806ರ ಮಸೂದೆಯಲ್ಲಿ ‘ಕ್ರಮೇಣ’ ಎಂಬ ಮಾತೇ ಇಲ್ಲ. ಅದು ಮುಟ್ಟಿದ್ದು ಒಂದು ಭಾಗವನ್ನು ಮಾತ್ರ, ಆದರೆ ಆ ಭಾಗವನ್ನು ತಕ್ಷಣವೇ ಮುಗಿಸಿತು. ಆದ್ದರಿಂದ ನಿಮ್ಮ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಹಂತ ಬೇಕೋ ಬೇಡವೋ ಎಂಬುದಲ್ಲವೆಂದು ನನ್ನ ಅಭಿಪ್ರಾಯ. ಈ ಹಂತ ದಾಟಿದ ಮೇಲೆ ಬಲ ಕುಗ್ಗಿರುವುದು ಯಾರದು, ನಮ್ಮದೋ ಅವರದೋ?

ಉತ್ತರ 2

ಒಂದು ಎಚ್ಚರಿಕೆಯ ಮಾತು. ಮನುಷ್ಯರನ್ನು ಸರಕಾಗಿ ಮಾರಿದ ವ್ಯವಸ್ಥೆಗೆ ಇಂದಿನ ಪ್ರತಿಯೊಂದು ಅನ್ಯಾಯವನ್ನೂ ಹೋಲಿಸುವ ಚಾಳಿ ಹೋರಾಟಗಾರರಲ್ಲಿ ಬೆಳೆದಿದೆ, ಅದು ಸರಿಯಲ್ಲ. ತಂತ್ರವನ್ನು ಕಲಿಯಿರಿ, ಹೋಲಿಕೆಯನ್ನು ಭಾಷಣಕ್ಕೆ ಎತ್ತಿಕೊಳ್ಳಬೇಡಿ. ಹಾಗೆ ಎತ್ತಿಕೊಂಡ ದಿನ ಕೇಳುವವರು ನಿಮ್ಮ ಬೇಡಿಕೆಯನ್ನು ಬಿಟ್ಟು ಆ ಹೋಲಿಕೆಯ ಔಚಿತ್ಯವನ್ನೇ ಚರ್ಚಿಸುತ್ತಾರೆ, ಚರ್ಚಿಸುವುದು ನ್ಯಾಯವೂ ಹೌದು.

ಉತ್ತರ 3

ಸಹಿಗಳ ಬಗ್ಗೆ ಕೇಳಿದ್ದೀರಿ, ಅದಕ್ಕಷ್ಟೇ ಉತ್ತರಿಸುತ್ತೇನೆ.

1787ರ ಮೇ 22ರಂದು ಲಂಡನ್ನಿನ ಒಂದು ಮುದ್ರಣಾಲಯದಲ್ಲಿ 12 ಜನ ಸೇರಿ ಸಮಿತಿ ರಚಿಸಿದರು. ಅವರಲ್ಲಿ ಒಂಬತ್ತು ಮಂದಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಆ ಕಾಲದ ಕಾನೂನಿನಂತೆ ಅವರಿಗೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಅವಕಾಶವೇ ಇರಲಿಲ್ಲ. ನಿಮ್ಮ ಸಭೆಗಿಂತ ಒಬ್ಬರೇ ಹೆಚ್ಚು! ವ್ಯತ್ಯಾಸವಿದ್ದದ್ದು ಅವರು ಮುಂದೆ ಮಾಡಿದ ಕೆಲಸದಲ್ಲಿ. ಸಮಿತಿಯ ಪರವಾಗಿ ಥಾಮಸ್ ಕ್ಲಾರ್ಕ್‌ಸನ್ ಎಂಬ ಯುವಕ ಕುದುರೆಯೇರಿ ಬ್ರಿಸ್ಟಲ್, ಲಿವರ್‌ಪೂಲ್ ಮುಂತಾದ ಗುಲಾಮ ವ್ಯಾಪಾರದ ಬಂದರುಗಳಿಗೇ ಹೋದರು. ಹಡಗುಗಳ ಸಿಬ್ಬಂದಿ ಪಟ್ಟಿಗಳನ್ನು ಒಂದೊಂದಾಗಿ ತೆರೆದು, ಯಾರು ಹೊರಟರು, ಯಾರು ಮರಳಿದರು, ಯಾರು ದಾರಿಯಲ್ಲೇ ಸತ್ತರು ಎಂದು ಸುಮಾರು 20,000 ನಾವಿಕರ ಲೆಕ್ಕ ತೆಗೆದರು. ಏಕೆಂದರೆ ವ್ಯಾಪಾರಿಗಳ ಮುಖ್ಯ ವಾದವೇ, ಈ ಸಾಗಾಟ ಬ್ರಿಟಿಷ್ ನೌಕಾಪಡೆಗೆ ನಾವಿಕರನ್ನು ತಯಾರು ಮಾಡುವ ಶಾಲೆ ಎಂಬುದಾಗಿತ್ತು. ಅದು ಶಾಲೆಯಲ್ಲ, ಸ್ಮಶಾನ ಎಂಬುದನ್ನು ಕ್ಲಾರ್ಕ್‌ಸನ್ ಅವರದೇ ದಾಖಲೆಗಳಿಂದ ತೋರಿಸಿದರು. ಆಫ್ರಿಕನ್ನರ ನೋವಿಗೆ ಕರಗದವನೂ ಇಂಗ್ಲಿಷ್ ನಾವಿಕನ ಸಾವಿನ ಅಂಕಿಗೆ ಉತ್ತರ ಕೊಡಬೇಕಾಯಿತು. ಲಿವರ್‌ಪೂಲಿನ ಅಂಗಡಿಯೊಂದರಲ್ಲಿ ಅವರು ಕೈಕೋಳ, ಕಾಲ್ಬೇಡಿ, ಹೆಬ್ಬೆರಳನ್ನು ಹಿಸುಕುವ ತಿರುಪು, ಅನ್ನ ಬಿಟ್ಟವರ ಬಾಯನ್ನು ಬಲವಂತವಾಗಿ ತೆರೆಯುವ ಸಾಧನಗಳನ್ನು ಕೊಂಡು ಸಭೆಗಳಿಗೆ ಒಯ್ಯತೊಡಗಿದರು. ಅವರ ಪೆಟ್ಟಿಗೆಯಲ್ಲಿ ಆಫ್ರಿಕದ ನೇಯ್ಗೆ ಬಟ್ಟೆ, ಚರ್ಮದ ಕೆಲಸ, ಸಾಂಬಾರ ಪದಾರ್ಥಗಳೂ ಇದ್ದವು. ಮನುಷ್ಯರನ್ನು ಬಿಟ್ಟು ಇವನ್ನು ವ್ಯಾಪಾರ ಮಾಡಬಹುದಲ್ಲ ಎಂದು ತೋರಿಸುವುದಕ್ಕೆ.

ಗುಲಾಮರನ್ನು ಸಾಗಿಸುತ್ತಿದ್ದ ಬ್ರೂಕ್ಸ್ ಎಂಬ ಹಡಗಿನ ನಕ್ಷೆಯನ್ನು ನೀವು ನೋಡಿರಬಹುದು. 1788ರಲ್ಲಿ ಪಾರ್ಲಿಮೆಂಟು ಒಂದು ಹಡಗಿನಲ್ಲಿ ಎಷ್ಟು ಜನರನ್ನು ತುಂಬಬಹುದೆಂಬ ಮಿತಿ ಹಾಕಿತು. ಆ ಮಿತಿಯೊಳಗೇ, ಗಂಡಸಿಗೆ ಆರಡಿ ಉದ್ದ, ಒಂದು ಅಡಿ ನಾಲ್ಕು ಅಂಗುಲ ಅಗಲದ ಜಾಗವೆಂದು ಲೆಕ್ಕ ಹಾಕಿ, ನೂರಾರು ಆಕೃತಿಗಳನ್ನು ಆ ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿ ಮಲಗಿಸಿದ್ದಾರೆ. ಮಿತಿ ಬರುವ ಮೊದಲು ಅದೇ ಹಡಗು 609 ಜನರನ್ನು ಹೊತ್ತದ್ದೂ ಉಂಟು. ಅಂದರೆ ಚಿತ್ರದಲ್ಲಿರುವುದು ಕಾನೂನು ಒಪ್ಪಿದ, ‘ಸುಧಾರಿತ’ ಹಡಗು. ಮೇಲಿನ ಮಿತ್ರರು ಹೇಳಿದ ಹಂತಗಳ ಮಾತಿಗೆ ಇದನ್ನೂ ಸೇರಿಸಬಹುದು: ಅರ್ಧ ಸುಧಾರಣೆ ಬಂದಾಗ ಚಳವಳಿಯವರು ಅದರಿಂದ ತೃಪ್ತರಾಗಲಿಲ್ಲ, ಸುಧಾರಿಸಿದ ಮೇಲೂ ಇದು ಹೀಗಿದೆ ನೋಡಿ ಎಂದು ಅದನ್ನೇ ಭಿತ್ತಿಪತ್ರವಾಗಿ ಗೋಡೆಗೆ ಅಂಟಿಸಿದರು.

ಇನ್ನು ಸಹಿ. ಒಂದು ಸಹಿ ಬೇಕಾದರೆ ಯಾರೋ ಒಬ್ಬರು ಮನೆಯ ಬಾಗಿಲಿಗೆ ಹೋಗಬೇಕಿತ್ತು ಅಥವಾ ಊರಿನಲ್ಲಿ ಸಭೆ ಕರೆಯಬೇಕಿತ್ತು, ಒಪ್ಪದವರೊಡನೆ ಮಾತಾಡಬೇಕಿತ್ತು, ಬೈಸಿಕೊಳ್ಳಬೇಕಿತ್ತು. ಮ್ಯಾಂಚೆಸ್ಟರ್ ಹತ್ತಿಯ ಪಟ್ಟಣ. ಅಲ್ಲಿನ ಬಟ್ಟೆ ಆಫ್ರಿಕದ ವ್ಯಾಪಾರಕ್ಕೇ ಹೋಗುತ್ತಿತ್ತು. ಅಂಥ ಊರಿನಿಂದಲೇ ಮೊದಲ ಅಭಿಯಾನದಲ್ಲಿ 10,000ಕ್ಕೂ ಹೆಚ್ಚು ಸಹಿಗಳು ಬಂದವು. ಪಾರ್ಲಿಮೆಂಟಿಗೆ ತಲುಪಿದ್ದು ಕಾಗದದ ಸುರುಳಿ, ಊರಿನಲ್ಲಿ ಉಳಿದದ್ದು ಸಮಿತಿ. 1791ರಲ್ಲಿ ಮಸೂದೆ ಸೋತಾಗ ಅದೇ ಜಾಲ ವೆಸ್ಟ್ ಇಂಡೀಸ್ ಸಕ್ಕರೆಯ ಬಹಿಷ್ಕಾರಕ್ಕೆ ಕೆಲಸಕ್ಕೆ ಬಂತು. ಮೂರು ಲಕ್ಷ ಜನ ಸಕ್ಕರೆ ಬಿಟ್ಟರೆಂದು ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದರು. ಮತದಾನದ ಹಕ್ಕಿಲ್ಲದ ಹೆಂಗಸರು ದಿನವೂ ಚಹಾದ ಬಟ್ಟಲಿನಲ್ಲೇ ಮತ ಹಾಕಿದಂತಾಯಿತು. ವ್ಯಾಪಾರ ನಿಂತರೂ ಉಳಿದಿದ್ದ ಗುಲಾಮಗಿರಿಯನ್ನೇ ರದ್ದುಪಡಿಸಬೇಕೆಂದು 1833ರಲ್ಲಿ ಹೆಂಗಸರೇ 1,87,000 ಸಹಿಗಳ ಒಂದೇ ಮನವಿಯನ್ನು ಸಿದ್ಧಪಡಿಸಿದರು. ಹಾಳೆಗೆ ಹಾಳೆ ಜೋಡಿಸಿ ಸುತ್ತಿದ್ದ ಆ ಸುರುಳಿಯನ್ನು ಸದನದೊಳಕ್ಕೆ ತರಲು ನಾಲ್ವರು ಸದಸ್ಯರು ಕೈಹಚ್ಚಬೇಕಾಯಿತು.

ನಿಮ್ಮ 12,000 ಸಹಿಗಳನ್ನು ಪಡೆಯಲು ಯಾರೂ ಯಾರ ಬಾಗಿಲಿಗೂ ಹೋಗಲಿಲ್ಲ. ಹಾಗೆಂದು ಅವು ಸುಳ್ಳು ಸಹಿಗಳಲ್ಲ, ಆದರೆ ಅವುಗಳ ಹಿಂದೆ ಸಮಿತಿಯಿಲ್ಲ. ಆ 19 ಜನರನ್ನು ಆರು ಬಡಾವಣೆಗಳಿಗೆ ಹಂಚಿ, ಅಂತರಜಾಲದಲ್ಲಿ ಸಹಿ ಹಾಕಿದವರ ಮನೆಗೇ ಹೋಗಿ ಮಾತಾಡಿಸಿ. ಸಹಿ ಈಗಾಗಲೇ ಇದೆ, ಹೋಗಬೇಕಾದದ್ದು ಇನ್ನೊಂದು ಮಾತು ಕೇಳುವುದಕ್ಕೆ.

ಉತ್ತರ 4

ಮೇಲಿನ ಮೂವರ ಉತ್ತರಗಳನ್ನೂ ಗೌರವದಿಂದ ಓದಿದೆ. ಆದರೂ ಒಂದು ಮಾತು ಹೇಳಬೇಕು. ಇಲ್ಲಿಯವರೆಗೆ ಈ ಕಥೆಯಲ್ಲಿ ಗುಲಾಮರೇ ಇಲ್ಲ. ಇರುವುದು ಅವರ ಆಕೃತಿಗಳು ಮಾತ್ರ, ಅದೂ ಹಡಗಿನ ನಕ್ಷೆಯಲ್ಲಿ.

ಸ್ವತಃ ಗುಲಾಮರಾಗಿದ್ದು, ಹಣ ಕೂಡಿಟ್ಟು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡ ಒಲೌಡ ಎಕ್ವಿಯಾನೊ 1789ರಲ್ಲಿ ತಮ್ಮ ಆತ್ಮಕಥೆಯನ್ನು ಚಂದಾದಾರರ ನೆರವಿನಿಂದ ಪ್ರಕಟಿಸಿ, ಊರೂರು ತಿರುಗಿ ಮಾರಿದರು. ಅವರ ಜೀವಿತಕಾಲದಲ್ಲೇ ಅದು ಒಂಬತ್ತು ಮುದ್ರಣ ಕಂಡಿತು. 1791ರಲ್ಲಿ ಫ್ರೆಂಚರ ಸೇಂಟ್ ಡೊಮಿಂಗೊದಲ್ಲಿ ದಂಗೆಯೆದ್ದ ಗುಲಾಮರು 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶವನ್ನೇ ಕಟ್ಟಿದರು. ಇನ್ನು 1831ರ ಕ್ರಿಸ್‌ಮಸ್ ವೇಳೆಗೆ ಜಮೈಕದಲ್ಲಿ ಸ್ಯಾಮ್ಯುಯೆಲ್ ಶಾರ್ಪ್ ಎಂಬ ಗುಲಾಮ ಪ್ರವಚನಕಾರ ಸಂಘಟಿಸಿದ್ದು ಮೂಲತಃ ಮುಷ್ಕರವನ್ನು: ಹಬ್ಬ ಮುಗಿದ ಮೇಲೆ ಕೂಲಿ ಕೊಟ್ಟರೆ ಮಾತ್ರ ಕಬ್ಬಿನ ಗದ್ದೆಗೆ ಇಳಿಯುವುದು. ಅದು ಬಂಡಾಯವಾಗಿ ಹಬ್ಬಿ ಸಾವಿರಾರು ಜನ ಸೇರಿಕೊಂಡರು; ಬಿಳಿಯರು 14 ಮಂದಿ ಸತ್ತರೆ, ವಿಚಾರಣೆಯ ಹೆಸರಿನಲ್ಲಿ ಗಲ್ಲಿಗೇರಿಸಿದ ಮತ್ತು ಗುಂಡಿಟ್ಟು ಕೊಂದ ಗುಲಾಮರ ಸಂಖ್ಯೆಯೇ 300 ದಾಟಿತು. ಶಾರ್ಪ್‌ರನ್ನು 1832ರ ಮೇ ತಿಂಗಳಲ್ಲಿ ನೇಣಿಗೇರಿಸಿದರು. ತೋಟದ ಮಾಲೀಕರ ಗುಂಪುಗಳು ಸಿಟ್ಟಿಗೆ ಪ್ರಾರ್ಥನಾ ಮಂದಿರಗಳನ್ನು ಕೆಡವಿದವು. ಅಲ್ಲಿಂದ ಮರಳಿದ ಪಾದ್ರಿಗಳು ಇಂಗ್ಲೆಂಡಿನ ಸಭೆಗಳಲ್ಲಿ ಇದನ್ನೆಲ್ಲ ವಿವರಿಸಿದಾಗ, ಹೀಗೇ ಬಿಟ್ಟರೆ ಇನ್ನೊಂದು ಹೈಟಿಯಾದೀತೆಂಬ ಭಯ ಸರ್ಕಾರಕ್ಕೂ ಹುಟ್ಟಿತು. ರದ್ದತಿಯ ಕಾಯಿದೆ ಬಂದದ್ದು ಮರುವರ್ಷ.

‘ಹಂತಹಂತವಾಗಿ’ ಎಂಬ ಪದದ ಮಾತಿಗೂ ಇದು ಸಂಬಂಧಿಸಿದೆ. 1823ರಲ್ಲಿ ಹುಟ್ಟಿದ ಗುಲಾಮಗಿರಿ ವಿರೋಧಿ ಸಂಘದ ಹೆಸರಿನೊಳಗೇ ‘ಕ್ರಮೇಣ ರದ್ದತಿ’ ಎಂಬ ಮಾತಿತ್ತು. ಮರುವರ್ಷ ಲೆಸ್ಟರಿನ ಎಲಿಜಬೆತ್ ಹೇರಿಕ್ ತಮ್ಮ ಹೆಸರು ಹಾಕದೆ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ, ಕ್ರಮೇಣವಲ್ಲ, ತಕ್ಷಣ ಎಂದು ವಾದಿಸಿದರು. ಮಹಿಳೆಯರ ಸಂಘಗಳು ಆ ಮಾತನ್ನು ಹಿಡಿದುಕೊಂಡವು. 1830ರಲ್ಲಿ ಬರ್ಮಿಂಗ್‌ಹ್ಯಾಮಿನ ಮಹಿಳೆಯರು, ಆ ಪದ ಹೋಗದಿದ್ದರೆ ನಮ್ಮ ವಾರ್ಷಿಕ ದೇಣಿಗೆ ಬರುವುದಿಲ್ಲ ಎಂದುಬಿಟ್ಟರು. ಪದ ಹೋಯಿತು. ಕಾಯುವ ಪಾಡು ಯಾರದು ಎಂಬುದನ್ನು ಅವರು ಸರಿಯಾಗಿ ಗುರುತಿಸಿದ್ದರು. ಲಂಡನ್ನಿನ ಸಮಿತಿಯ ಕುರ್ಚಿಯಲ್ಲಿ ಕುಳಿತವರಿಗೆ ಹತ್ತು ವರ್ಷವೆಂದರೆ ಹತ್ತು ವಾರ್ಷಿಕ ಸಭೆಗಳು. ಕಬ್ಬಿನ ಗದ್ದೆಯಲ್ಲಿರುವವರಿಗೆ ಅದು ಆಯುಷ್ಯದ ಉಳಿದ ಭಾಗ.

ಗೆಲುವಿನ ಬಿಲ್ಲನ್ನೂ ನೋಡಿ. 1833ರ ಕಾಯಿದೆ ಗುಲಾಮರ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಆ ಕಾಲದ ಸರ್ಕಾರದ ವಾರ್ಷಿಕ ವೆಚ್ಚದ ಸುಮಾರು ಶೇ. 40ರಷ್ಟು. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಬಿಡುಗಡೆಯಾದ ಸುಮಾರು ಎಂಟು ಲಕ್ಷ ಜನರಿಗೆ ಬಿಡಿಗಾಸೂ ಸಿಗಲಿಲ್ಲ. ಅದರ ಬದಲು ‘ಕಲಿಕೆಯ ಅವಧಿ’ ಎಂಬ ಹೆಸರಿನಲ್ಲಿ ಹಳೆಯ ಮಾಲೀಕರ ಬಳಿಯೇ ಕೂಲಿಯಿಲ್ಲದ ದುಡಿಮೆ ಮುಂದುವರಿಯಿತು. ಪದವನ್ನು ಸಂಘದ ಹೆಸರಿನಿಂದ ತೆಗೆಸಿದ್ದರೂ ಅದು ಕಾಯಿದೆಯೊಳಗೆ ಬೇರೆ ವೇಷದಲ್ಲಿ ಬಂದು ಕುಳಿತಿತ್ತು. ಜೋಸೆಫ್ ಸ್ಟರ್ಜ್ ಮುಂತಾದವರು ವೆಸ್ಟ್ ಇಂಡೀಸಿಗೇ ಹೋಗಿ ಕಣ್ಣಾರೆ ಕಂಡದ್ದನ್ನು ಬರೆದು ಮತ್ತೊಮ್ಮೆ ಚಳವಳಿ ಎಬ್ಬಿಸಿದ ಮೇಲೆ, 1838ರ ಆಗಸ್ಟ್ 1ರಂದು ಅದು ಕೊನೆಗೊಂಡಿತು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳನ್ನು ಆ ಕಾಯಿದೆ ಹೊರಗಿಟ್ಟಿತ್ತು, ಅಲ್ಲಿಗೆ ಪ್ರತ್ಯೇಕ ಕಾಯಿದೆ ಬಂದದ್ದು 1843ರಲ್ಲಿ. ಬಹಿಷ್ಕಾರದ ಕಾಲದಲ್ಲಿ ಗುಲಾಮರು ಮಾಡದ ಸಕ್ಕರೆ ಎಂದು ಬಟ್ಟಲುಗಳ ಮೇಲೆ ಬರೆಸಿ ಹೊಗಳಿದ್ದು ಕಂಪನಿಯ ನಾಡಿನ ಸಕ್ಕರೆಯನ್ನೇ ಎಂಬುದು ಈ ಚರಿತ್ರೆಯ ಇನ್ನೊಂದು ವ್ಯಂಗ್ಯ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ವಂದನೆಗಳು. ನಾಲ್ಕನೆಯ ಉತ್ತರ ಓದಿದ ಮೇಲೆ ಒಂದು ಸಂಗತಿ ಮನಸ್ಸಿಗೆ ತಟ್ಟಿತು: ನಮ್ಮ ಆ 11 ಜನರಲ್ಲಿ, ನಾವು ಯಾರಿಗಾಗಿ ಮನವಿ ಬರೆಯುತ್ತಿದ್ದೇವೋ ಅವರ ಪೈಕಿ ಒಬ್ಬರೇ ಇದ್ದರು, ಅವರು ಆ ಮೂರು ಗಂಟೆಗಳಲ್ಲಿ ಒಂದು ಮಾತನ್ನೂ ಆಡಲಿಲ್ಲ. ಕೇಳಿದವರೂ ಯಾರೂ ಇಲ್ಲ. ಇನ್ನೊಂದು ಪ್ರಶ್ನೆ ಉಳಿದಿದೆ. ಈ ಜಗಳದಿಂದ ಸಂಘಟನೆ ಒಡೆಯುವ ಲಕ್ಷಣಗಳಿವೆ. ಅವರೂ ಒಡೆದಿದ್ದರೇ? ಒಡೆದದ್ದರಿಂದ ಸೋತರೇ?

ಉತ್ತರ 1 ಬರೆದವರು

ಒಡೆದಿದ್ದರು, ಅಮೆರಿಕದಲ್ಲಿ. 1833ರಲ್ಲಿ ಹುಟ್ಟಿದ ಅಮೆರಿಕದ ಗುಲಾಮಗಿರಿ ವಿರೋಧಿ ಸಂಘ 1840ರಲ್ಲಿ ಇಬ್ಭಾಗವಾಯಿತು. ಆ ವರ್ಷದ ಸಭೆಯಲ್ಲಿ ಆ್ಯಬಿ ಕೆಲಿ ಎಂಬ ಮಹಿಳೆಯನ್ನು ಕಾರ್ಯಸಮಿತಿಗೆ ಆರಿಸಿದ್ದು ಒಂದು ಗುಂಪು ಹೊರನಡೆಯಲು ನೆಪವಾಯಿತು. ಆದರೆ ಒಳಗಿನ ಭಿನ್ನಮತ ಚುನಾವಣೆಗೆ ಇಳಿಯಬೇಕೇ ಎಂಬುದರ ಮೇಲೂ ಇತ್ತು. ಸಂಘದ ನಾಯಕ ವಿಲಿಯಂ ಲಾಯ್ಡ್ ಗ್ಯಾರಿಸನ್‌ರ ಪ್ರಕಾರ ಅಮೆರಿಕದ ಸಂವಿಧಾನವೇ ಗುಲಾಮಗಿರಿಗೆ ಒಪ್ಪಿಗೆ ಕೊಟ್ಟ ದಾಖಲೆ, ಅದರಡಿ ಮತ ಹಾಕುವುದೂ ಪಾಲುದಾರಿಕೆ. 1854ರ ಜುಲೈ 4ರಂದು ಅವರು ಅದರ ಪ್ರತಿಯನ್ನು ಬಹಿರಂಗವಾಗಿ ಸುಟ್ಟರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ ಮೊದಲು ಅವರ ಜೊತೆಗಿದ್ದವರು, 1851ರಲ್ಲಿ ಅದೇ ಸಂವಿಧಾನವನ್ನು ಗುಲಾಮಗಿರಿಯ ವಿರುದ್ಧ ಬಳಸಬಹುದು ಎಂಬ ನಿಲುವಿಗೆ ಬಂದರು. ಇಬ್ಬರ ನಡುವೆ ಮಾತು ಕಹಿಯಾಯಿತು. ಚುನಾವಣೆಗೆ ಇಳಿದ ಲಿಬರ್ಟಿ ಪಕ್ಷಕ್ಕೆ 1840ರಲ್ಲಿ ಬಂದದ್ದು ಸುಮಾರು 7,000 ಮತ, 1844ರಲ್ಲಿ 62,000, ನಗೆಪಾಟಲಿನ ಸಂಖ್ಯೆ. ಆ ಎಳೆಯೇ ಮುಂದೆ ಫ್ರೀ ಸಾಯಿಲ್ ಪಕ್ಷದ ಮೂಲಕ ಸಾಗಿ, 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷದೊಳಗೆ ಸೇರಿಕೊಂಡಿತು. ಒಡೆದ ಎರಡೂ ತುಂಡುಗಳು ಕೆಲಸ ಮಾಡಿದವು. ಪರಸ್ಪರ ಬೈದಾಡಿಕೊಂಡ ಶ್ರಮವಂತೂ ಎರಡೂ ಕಡೆ ವ್ಯರ್ಥ, ಆ ಕಾಲದ ಪತ್ರಿಕೆಗಳನ್ನು ಓದುವಾಗ ಬೇಸರವಾಗುವಷ್ಟು.

ಒಂದು ಭಿನ್ನಮತವನ್ನು ಮಾತ್ರ ನಿಮ್ಮ ಸಭೆಯಲ್ಲಿ ಹೇಳಿ. 1865ರ ಮೇ ತಿಂಗಳಲ್ಲಿ, ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿಯನ್ನು ರದ್ದುಪಡಿಸುವ ತಿದ್ದುಪಡಿ ರಾಜ್ಯಗಳ ಒಪ್ಪಿಗೆಗೆ ಕಾದಿದ್ದಾಗ, ಕೆಲಸ ಮುಗಿಯಿತು, ಸಂಘವನ್ನು ವಿಸರ್ಜಿಸೋಣ ಎಂದು ಗ್ಯಾರಿಸನ್ ಸೂಚಿಸಿದರು. ಕರಿಯ ಮನುಷ್ಯನ ಕೈಗೆ ಮತಪತ್ರ ಬರುವವರೆಗೆ ಗುಲಾಮಗಿರಿ ಮುಗಿದಿಲ್ಲ ಎಂದು ಡಗ್ಲಾಸ್ ವಿರೋಧಿಸಿದರು. ಸಭೆ ಡಗ್ಲಾಸ್‌ರ ಮಾತನ್ನು ಎತ್ತಿಹಿಡಿಯಿತು, ಗ್ಯಾರಿಸನ್ ಹೊರನಡೆದರು. ಅದೇ ವರ್ಷ ಮುಗಿಯುವ ಮೊದಲೇ ಮಿಸಿಸಿಪ್ಪಿ, ದಕ್ಷಿಣ ಕೆರೊಲಿನಾಗಳು ಬಿಡುಗಡೆಯಾದವರ ದುಡಿಮೆ, ಓಡಾಟಗಳನ್ನು ಕಟ್ಟಿಹಾಕುವ ಕಾನೂನುಗಳನ್ನು ತಂದವು. ಸಂಘ ಬಾಗಿಲು ಮುಚ್ಚಿದ್ದು ಮತದ ಹಕ್ಕಿನ ತಿದ್ದುಪಡಿ ಬಂದ 1870ರಲ್ಲಿ.

ಪ್ರಶ್ನೆ ಕೇಳಿದವರು

ನಿನ್ನೆ ಮತ್ತೆ ಕುಳಿತೆವು. ಆ ಸಭೆಯಲ್ಲಿ ಸುಮ್ಮನಿದ್ದವರನ್ನೇ ಮೊದಲು ಮಾತಾಡಲು ಕೇಳಿಕೊಂಡೆವು. ಅವರು ಪದದ ಗೊಡವೆಗೇ ಹೋಗಲಿಲ್ಲ. ಎರಡನೆಯ ಪುಟದ ಏಳನೆಯ ಬೇಡಿಕೆಯನ್ನು ತೋರಿಸಿ, ಇದೊಂದು ಈ ವರ್ಷವೇ ಆದರೆ ಉಳಿದ ಆರಕ್ಕೆ ಅಡ್ಡ ನಿಲ್ಲುವ ಶಕ್ತಿ ಎದುರಾಳಿಗಳಿಗೆ ಇರುವುದಿಲ್ಲ ಎಂದರು. ನಾವು ಅದನ್ನು ಕೊನೆಯಲ್ಲಿ, ಸಾಲು ತುಂಬಿಸಲೆಂಬಂತೆ ಸೇರಿಸಿದ್ದೆವು. ಈಗ ಏಳನೆಯದು ಮೊದಲನೆಯದಾಗಿದೆ, ‘ಹಂತಹಂತವಾಗಿ’ ಎಂಬುದು ಹೋಗಿದೆ, ಪೂರ್ತಿ ರದ್ದತಿ ಶೀರ್ಷಿಕೆಯಲ್ಲೇ ಉಳಿದಿದೆ. ಇಬ್ಬರು ಇನ್ನೂ ಒಪ್ಪಿಲ್ಲ. ಭಾನುವಾರ 19 ಜನರ ಪೈಕಿ 14 ಮಂದಿ ಮನೆಮನೆಗೆ ಹೋಗಲು ಹೆಸರು ಕೊಟ್ಟಿದ್ದಾರೆ, ಒಪ್ಪದ ಆ ಇಬ್ಬರೂ ಅದರಲ್ಲಿ ಇದ್ದಾರೆ.